ಇಪ್ಪತ್ತು ಅಡಿ

"ಇನ್ನೊಂದ್ಸಲ ಹಿಡೀರಿ ಸಾರ್, ಟೇಪು ಜಗ್ಗಿದೆ," ಎಂದ ಮುದುಕ ಬಡಗಿ. ಮೂರನೆಯ ಸಲವೂ ಅಷ್ಟೇ ಬಂತು. ಮೇಕೆಗಳಿಗೆಂದು ಮಗ ಕಟ್ಟಿದ ಹೊಸ ಕೊಟ್ಟಿಗೆಗೂ ಹಿತ್ತಿಲ ಕೋಣೆಗೂ ನಡುವೆ ಒಂಬತ್ತೇ ಅಡಿ.

"ಮನುಷ್ಯರು ಮಲಗೋ ಕೋಣೆಯಿಂದ ಇಪ್ಪತ್ತಡಿ ಇರ್ಬೇಕು," ಎಂದ ನಗರಸಭೆಯ ಇನ್‌ಸ್ಪೆಕ್ಟರ್. "ಮುಂದುಗಡೆ ನಿಮ್ಮ ಮನೆ ದೂರ ಇದೆ, ಅಡ್ಡಿಯಿಲ್ಲ. ಈ ಕೋಣೇಲಿ ಯಾರು ಮಲಗ್ತಾರೆ?"

"ನಾನೇ."

"ಹಾಗಾದ್ರೆ ಎರಡರಲ್ಲಿ ಒಂದು ಇರ್ಲಿ. ಶುಕ್ರವಾರ ಬರ್ತೀನಿ."

ಇನ್‌ಸ್ಪೆಕ್ಟರ್ ಹೋದದ್ದೇ ಮಗ ಅಪ್ಪನನ್ನು ನುಂಗುವಂತೆ ನೋಡಿದ. ಅವನ ಕಾರ್ಖಾನೆ ಮುಚ್ಚಿ ಆರು ತಿಂಗಳಾಗಿತ್ತು. ಮೇಕೆ ಹಾಲೊಂದೇ ಉಳಿದ ದಾರಿ. "ಪರ್ಮಿಷನ್ ಕೇಳ್ದೆ ಕಟ್ಕೊಂಡಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು? ಬೀದಿಯವರೆಲ್ಲ ಸಾಕ್ಕೊಂಡಿಲ್ವಾ?"

"ನಾಳೆ ಯಾರೋ ದೂರು ಕೊಟ್ಟು, ನಗರಸಭೆಯವರು ಮೇಕೆಗಳನ್ನ ವ್ಯಾನಿಗೆ ತುಂಬ್ಕೊಂಡು ಹೋದ್ರೆ ಏನ್ಮಾಡ್ತೀಯ?"

ಮುದುಕ ಕೇಳಿದ್ದೇನು ಸಾಮಾನ್ಯವಾಗಿಯೇ? ಹನ್ನೊಂದು ಸಲ ನಗರಸಭೆ ಕಚೇರಿಗೆ ಅಲೆದಿದ್ದ. ಅವನ ಚಪ್ಪಲಿಗೇ ಅಲ್ಲಿನ ಮೆಟ್ಟಿಲುಗಳು ಅರ್ಧ ಅಡಿ ಸವೆದಿದ್ದವು. ಗುಮಾಸ್ತ ರಜೆ ಹಾಕಬೇಕಾದರೂ ಮೊದಲು ಇವನನ್ನು ಕೇಳುತ್ತಿದ್ದ.

"ಚಿಂತೆ ಬಿಡೋ," ಎಂದ ಮುದುಕ. "ನನ್ನ ಮಂಚ ಒಳಕ್ಕೆ ಹಾಕು. ಕೋಣೇಲಿ ಮೇವು ತುಂಬು. ನಿನ್ನ ಮೇಕೆ ಬಂದೇ ಬರ್ತಾವೆ."

ಒಳಗಿದ್ದದ್ದು ಒಂದೇ ಕೋಣೆ. ಮಗ, ಸೊಸೆ, ಮೂವರು ಮೊಮ್ಮಕ್ಕಳು ಬೆಂಕಿಪೆಟ್ಟಿಗೆಯ ಕಡ್ಡಿಗಳ ಹಾಗೆ ಮಲಗುತ್ತಿದ್ದರು. ಒಬ್ಬರು ಮಗ್ಗುಲಾದರೆ ಐವರೂ ಮಗ್ಗುಲಾಗಬೇಕು. ಆರನೆಯವನಿಗೆ ಗೋಡೆಯೇ ಗತಿ.

ಸೊಸೆ ಮಾವನ ಅಂಗಿಗಳನ್ನೆಲ್ಲ ಒಗೆದು ಇಸ್ತ್ರಿ ಹಾಕಿದಳು. ಕಿತ್ತುಹೋದ ಗುಂಡಿ ಹೊಲಿದಳು. ಹತ್ತು ವರ್ಷದಲ್ಲಿ ಇದೇ ಮೊದಲು.

"ಏನಮ್ಮಾ, ಇನ್‌ಸ್ಪೆಕ್ಟರ್ ಎದುರು ನನ್ನನ್ನ ಮದುಮಗ ಮಾಡಿ ನಿಲ್ಲಿಸ್ತೀಯಾ?"

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

ಬುಧವಾರ ಮಗ ಕಾಗದವೊಂದನ್ನು ಚಾಚಿದ. "ಇಲ್ಲೊಂದು ಸೈನ್ ಹಾಕಪ್ಪ."

"ಮೇಕೇದಾ?"

"ಅದು ಆಗದೆ ಮೇಕೆ ಬರಲ್ಲ."

ನಗರಸಭೆಯ ನಿಯಮಗಳನ್ನು ಕಾಮಾ, ಚುಕ್ಕೆ ಸಮೇತ ಓದಿದ್ದ ಮುದುಕ ಇದಕ್ಕೆ ಕನ್ನಡಕ ಹುಡುಕಲಿಲ್ಲ. ಹೆತ್ತ ಮಗ ತಂದದ್ದನ್ನು ಓದುವುದೇನು?

ಶುಕ್ರವಾರ ಹಿತ್ತಿಲ ಕೋಣೆಯ ತುಂಬ ಮೇವಿತ್ತು. ಮಂಚ ಹೊರಗೆ ಗೋಡೆಗೆ ಒರಗಿ ನಿಂತಿತ್ತು. "ಒಳಗೆ ಹಾಕೋಣ್ವಾ?" ಎಂದು ಮುದುಕ ಎರಡು ಸಲ ಕೇಳಿದ. "ಸಂಜೆ ನೋಡೋಣ," ಎಂದ ಮಗ.

ಇನ್‌ಸ್ಪೆಕ್ಟರ್ ಕೋಣೆಯೊಳಗೆ ಇಣುಕಿದ. "ಇಲ್ಲೀಗ ಯಾರಾದ್ರೂ ಮಲಗ್ತಾರಾ?"

"ಒಂದು ನರಪಿಳ್ಳೆ ಇಲ್ಲ ಸಾರ್!" ಎಂದ ಮುದುಕ, ಎದೆಯುಬ್ಬಿಸಿ. ಠಪ್ಪೆಂದು ಮೊಹರು ಬಿತ್ತು.

ಮಧ್ಯಾಹ್ನ ಟೆಂಪೊ ಬಂತು. ಮೂರು ಮೇಕೆಗಳನ್ನೂ ಮುದುಕನೇ ತಬ್ಬಿ ಇಳಿಸಿದ. ಮೊಮ್ಮಕ್ಕಳು ಬೀದಿ ಕಿತ್ತುಹೋಗುವಂತೆ ಕೂಗಿದರು.

"ನೋಡಿದ್ಯಾ?" ಎಂದು ಮುದುಕ ಹಿಗ್ಗಿ ಹೀರೇಕಾಯಾದ. "ಇನ್ನು ಇವನ್ನ ಯಾವ ದೊಣ್ಣೆನಾಯಕನಿಗೂ ಈ ಮನೆಯಿಂದ ಕಳಿಸೋಕಾಗಲ್ಲ."

ಮಗ ಖಾಲಿಯಾದ ಟೆಂಪೊಗೆ ಅಪ್ಪನ ಬಟ್ಟೆಯ ಟ್ರಂಕನ್ನು ಎತ್ತಿಟ್ಟ.

"ಹತ್ತಪ್ಪ. ವಿಚಾರಿಸಿದೀನಿ, ವೃದ್ಧಾಶ್ರಮದವರು ಐದು ಗಂಟೆ ಮೇಲೆ ಯಾರನ್ನೂ ಸೇರಿಸ್ಕೊಳ್ಳಲ್ಲ."