ತಟ್ಟೆಯಲ್ಲಿ ಬಿಟ್ಟ ತೂಕ

ಒಬ್ಬರು ಇಳಿಸಿದ ತೂಕ, ಅವರ ತಟ್ಟೆಯಲ್ಲಿ ಉಳಿದದ್ದನ್ನು ತಿಂದವರ ಮೈಗೆ ಹತ್ತುತ್ತದೆ ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ಹಣ್ಣು ತಿಂದರೆ ನಾಗವೇಣಿಯ ತುಟಿ ಊದಿಕೊಳ್ಳುತ್ತಿತ್ತು. ಹಾಗಾಗಿ ಮೂರು ವಾರದಿಂದ ಸಂಜೆಯ ಮಿರ್ಚಿ ಬಜ್ಜಿ ಬಿಟ್ಟು, ಹಣ್ಣಿನ ಬದಲು ಹೆಸರುಕಾಳಿನ ಉಸಲಿ, ಸೌತೆಕಾಯಿಯಲ್ಲೇ ನಾಲ್ಕು ಕಿಲೋ ಇಳಿಸಿದ್ದಳು. ದಿನವೂ ತಟ್ಟೆಯಲ್ಲಿ ಒಂದು ಹಿಡಿ ಉಳಿಸಿ ಅತ್ತೆಯ ಮುಂದಿಡುತ್ತಿದ್ದಳು. ಜ್ವರದಲ್ಲಿ ಸೊರಗಿದ್ದ ಅತ್ತೆಗೆ ತೂಕ ಹತ್ತದಿದ್ದರೆ ಉಳಿಗಾಲವಿಲ್ಲ ಎಂದಿದ್ದರು ಡಾಕ್ಟರು. ಆದರೆ ಅತ್ತೆ ಕಡ್ಡಿಯಾಗಿಯೇ ಇದ್ದರು. ಗಂಡ ಹಾಲೇಶಪ್ಪನ ಅಂಗಿಗೆ ಮಾತ್ರ ಗುಂಡಿ ಹಾಕಲಾಗುತ್ತಿರಲಿಲ್ಲ.

ಇವತ್ತು ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಅತ್ತೆ ತಟ್ಟೆಯನ್ನು ಮೆಲ್ಲಗೆ ಮಗನತ್ತ ತಳ್ಳುತ್ತಿದ್ದರು.

"ಏನತ್ತೆ ಇದು! ನಾನು ಬಾಯಿ ಕಟ್ಟಿದ್ದು ಇವರಿಗೆ ಬೊಜ್ಜು ಬರ್ಲಿ ಅಂತಾನಾ?"

"ದುಡಿದು ಬಂದಾನವ್ವ, ತಿನ್ಲಿ ಬಿಡು."

ನಾಗವೇಣಿ ತಟ್ಟೆ ಕಸಿದುಕೊಂಡು, ಅತ್ತೆಯ ಎದುರೇ ಕೂತು, ಒಂದೊಂದೇ ತುತ್ತನ್ನು ಅವರ ಬಾಯಿಗಿಟ್ಟಳು. "ನಾಳೆಯಿಂದ ನಿಮ್ಮ ಮಗನಿಗೂ ಉಸ್ಲಿನೇ. ಅವರು ತಟ್ಟೇಲಿ ಬಿಟ್ಟದ್ದೂ ನಿಮಗೇ."

ತಿಂಗಳಿಂದ ದನಿಯೇ ಏರದಿದ್ದ ಅತ್ತೆ, ಬಾಯಿ ತುಂಬ ಉಸಲಿ ಇಟ್ಟುಕೊಂಡೇ ಚೀರಿದರು: "ಅಯ್ಯಯ್ಯೋ, ನನ್ನ ಮಗ ಸೊರಗಿ ಹೋಗ್ತಾನಲ್ಲವ್ವೋ!"