ಈ ವರ್ಷದ ಉತ್ತರಗಳು

ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಮನಃಶಾಸ್ತ್ರ ಕಲಿಸಿದ ಕಾತ್ಯಾಯಿನಿ ಮೇಡಂ, ಹದಿಹರೆಯದ ಹುಡುಗಿಯರ ಮನಸ್ಸಿನ ಬಗ್ಗೆ ಸಂಶೋಧನೆಯನ್ನೂ ಮಾಡುತ್ತಿದ್ದರು. ಪ್ರತಿ ಜುಲೈನಲ್ಲಿ ಪ್ರಶ್ನಾವಳಿ ಹಂಚಿ ತುಂಬಿಸಿಕೊಳ್ಳುವರು. ಹೋದ ವರ್ಷ ಮೂವತ್ತೊಂದು ಮಂದಿ ‘ಬದುಕು ಬೇಸರವಾಗಿದೆ’ ಎಂಬುದಕ್ಕೆ ಗುರುತು ಹಾಕಿದ್ದರು. ಮೇಡಂ ಸುಮ್ಮನೆ ಕೂಡಲಿಲ್ಲ. ಒಬ್ಬೊಬ್ಬರ ಮನೆಗೂ ತಾವೇ ಫೋನ್ ಮಾಡಿ, ಮಗಳ ಕಡೆ ಸ್ವಲ್ಪ ಗಮನ ಕೊಡಿ ಎಂದು ತಿಳಿಹೇಳಿದರು.

ಈ ವರ್ಷ ನೋಡಿದರೆ ಅಂಥವರು ಒಬ್ಬರೂ ಇಲ್ಲ!

ಪ್ರಿನ್ಸಿಪಾಲರು ಪೇಢೆ ಹಂಚಿದರು. ವಿಶ್ವವಿದ್ಯಾಲಯದಿಂದ ಪ್ರಬಂಧ ಮಂಡಿಸಲು ಕರೆ ಬಂತು. ಪ್ರಬಂಧದ ಕೊನೆಗೆ ಹುಡುಗಿಯರದೇ ನಾಲ್ಕು ಮಾತು ಇದ್ದರೆ ಚೆನ್ನ ಎನ್ನಿಸಿ, ಮೇಡಂ ಎರಡನೇ ವರ್ಷದ ಕಸ್ತೂರಿಯನ್ನು ಸ್ಟಾಫ್ ರೂಮಿಗೆ ಕರೆಸಿದರು.

"ಒಂದ ವರ್ಷದಾಗ ಇಷ್ಟು ಹೆಂಗ ಬದಲಾತವ್ವಾ? ಹೆದರಬ್ಯಾಡ, ಹೇಳು."

ಹುಡುಗಿ ಒಮ್ಮೆ ಬಾಗಿಲ ಕಡೆ ನೋಡಿದಳು.

"ಹೋದ ವರ್ಷ ನಮ್ಮಕ್ಕನೂ ಬ್ಯಾಸರ ಅಂತ ಬರದಿದ್ಲ್ರೀ."

"ನೆನಪೈತಿ. ನಿಮ್ಮ ಅಪ್ಪಗ ನಾನ ಫೋನ್ ಮಾಡಿದ್ದೆ. ಈಗ ಹೆಂಗದಾಳ?"

"ಅಪ್ಪ ಮರುದಿನಾನ ಕಾಲೇಜ್ ಬಿಡಿಸಿದ್ನ್ರೀ. ಎರಡ ತಿಂಗಳದಾಗ ಲಗ್ನ ಮಾಡಿ ಕಳಿಸಿದ."

ಹುಡುಗಿಯೇ ಸಮಾಧಾನ ಹೇಳುವಂತೆ ಮುಂದುವರಿಸಿದಳು:

"ನೀವು ಚಿಂತಿ ಮಾಡಬ್ಯಾಡ್ರಿ ಮೇಡಂ. ಅದು ಕ್ಲಾಸಿನ್ಯಾಗ ಎಲ್ಲಾರಿಗೂ ಗೊತ್ತಾಗೇತಿ. ಈ ವರ್ಷ ನಾವೆಲ್ಲಾರೂ ಆರಾಮ ಅದೀವ್ರಿ."