ನಡುಮನೆಯ ಅವರೆ ಸಾಲು

ಆ ಬಡಾವಣೆಯ ಮನೆಗಳೊಳಗೆ ಬೆಳಗಾದರೆ ಅದೇ ಜಾಗದಲ್ಲಿ ಹಿಂದೆ ಇದ್ದ ಹೊಲಗಳು ಕಾಣಿಸಿಕೊಳ್ಳುತ್ತಿದ್ದವು. ಅದು ಎಲ್ಲರಿಗೂ ರೂಢಿಯಾಗಿತ್ತು. ನಿವೃತ್ತ ನರ್ಸ್ ಪಂಕಜಾಕ್ಷಮ್ಮನವರ ನಡುಮನೆಯಲ್ಲಿ ಐವತ್ತು ವರ್ಷಗಳ ಹಿಂದಿನ ಮಾದಮ್ಮ ಅವರೆಕಾಯಿ ಕೀಳುತ್ತಿದ್ದಳು. ಅವಳಿಗೆ ಇವರು ಕಾಣುತ್ತಿರಲಿಲ್ಲ, ಇವರ ದನಿ ಕೇಳಿಸುತ್ತಲೂ ಇರಲಿಲ್ಲ. ಆದರೂ ಪಂಕಜಾಕ್ಷಮ್ಮ ಕಾಫಿ ಹಿಡಿದು ಕೂತು ಅವಳೊಂದಿಗೆ ಮಾತಾಡುತ್ತಿದ್ದರು. ಮಾತಿಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಇವತ್ತು ಮಾದಮ್ಮನ ಗಂಡ ಬದುವಿನ ಮೇಲೆ ಬಂದು ನಿಂತ. ಅವನ ಹಿಂದೆ ಸರ್ವೆಯವರು ಕಲ್ಲು ನೆಡುತ್ತಿದ್ದರು.

“ಬಾ ಮಾದಿ. ಇನ್ನಿದು ನಮ್ದಲ್ಲ, ಸೈಟು ಮಾಡ್ತಾರಂತೆ.”

“ಈ ಸಾಲೊಂದು ಕಿತ್ಕೊಂಡು ಬತ್ತೀನಿ, ನೀವ್ ನಡೀರಿ” ಎಂದಳು ಮಾದಮ್ಮ.

ನಾಳೆಯಿಂದ ಅವಳು ಬರುವುದಿಲ್ಲವೆಂದು ಪಂಕಜಾಕ್ಷಮ್ಮನವರಿಗೆ ತಿಳಿಯಿತು. ಲೋಟ ಪಕ್ಕಕ್ಕಿಟ್ಟು, ನೆಲದ ಮೇಲೆ ಅವಳ ಹತ್ತಿರ ಕೂತರು.

“ನಿಧಾನವಾಗಿ ಕೀಳಮ್ಮ” ಎಂದರು, “ಇನ್ನೂ ಅರ್ಧ ಸಾಲು ಇದೆಯಲ್ಲ.”